ವಯಸ್ಸಾದವರಿಗೆ ಒಗ್ಗುವ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗಳ ಪ್ಲ್ಯಾನು ಹಾಕಿಕೊಡುವುದು ನನ್ನ ಕೆಲಸ. ಸೈಟಿನಲ್ಲಿ ನಿಂತಾಗ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ, ರಾತ್ರಿ ಹತ್ತರ ಮೇಲೆ ಅಮೆರಿಕದಿಂದ ಬರುವ ಫೋನುಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಅಳತೆಗಳು ಮೇಸ್ತ್ರಿಗಳಿಗೆ ಅರ್ಥವಾಗುವ ಅಡಿ-ಇಂಚಿನಲ್ಲಿವೆ.

## ಪಾಯ ತೋಡುವ ಮುಂಚೆ

ಅಪ್ಪ-ಅಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಈಗಲೇ ಇದೆಲ್ಲ ಯಾಕೆ?

ಈಗ ಮಾಡಿದರೆ ಕಡಿಮೆ ದುಡ್ಡಲ್ಲಿ ಆಗುತ್ತೆ, ಅದಕ್ಕೆ. ಗೋಡೆ ಏಳುವಾಗ ಬಚ್ಚಲಿನ ಬಾಗಿಲಿಗೆ ಎರಡೂವರೆ ಅಡಿ ಬದಲು ಮೂರು ಅಡಿ ಬಿಡಿ ಅಂದರೆ ಮೇಸ್ತ್ರಿಗೆ ಅದು ಬರೀ ಒಂದು ಮಾತು. ಹತ್ತು ವರ್ಷ ಬಿಟ್ಟು ಅದೇ ಬಾಗಿಲು ಅಗಲ ಮಾಡಬೇಕಾದರೆ ಚೌಕಟ್ಟು ಕೀಳಬೇಕು, ಲಿಂಟಲ್ ಒಡೆಯಬೇಕು, ಟೈಲ್ಸ್ ಹೋಗುತ್ತೆ, ಮನೆಯೆಲ್ಲ ದೂಳು. ಅದೂ ಯಾವಾಗ? ಮನೆಯವರೊಬ್ಬರು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ವಾಪಸ್ ಬರುವ ವಾರದಲ್ಲಿ.

ಇನ್ನೊಂದು ವಿಷಯ. ಇದು ಅಪ್ಪ-ಅಮ್ಮನಿಗೆ ಮಾತ್ರ ಕಟ್ಟುವ ಮನೆಯಲ್ಲ. ನಲವತ್ತೈದರಲ್ಲಿ ಮನೆ ಕಟ್ಟುವವರು ಅದೇ ಮನೆಯಲ್ಲಿ ಎಪ್ಪತ್ತೈದು ದಾಟುತ್ತಾರೆ. ಚೆನ್ನಾಗಿ ಕಟ್ಟಿದ ಆರ್‌ಸಿಸಿ ಮನೆ ಐವತ್ತು ಅರವತ್ತು ವರ್ಷ ನಿಲ್ಲುತ್ತೆ. ನಿಮ್ಮ ಮಂಡಿ ಅಷ್ಟು ವರ್ಷ ಬಾಳೋದಿಲ್ಲ.

30-40 ಸೈಟು. ಕೆಳಗೆ ಕಾರ್ ಪಾರ್ಕಿಂಗು, ಜೊತೆಗೊಂದು ಬಾಡಿಗೆ ಮನೆ. ಅಮ್ಮನಿಗೆ ಕೆಳಗೆ ಜಾಗ ಎಲ್ಲಿಂದ ತರೋದು?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ನೆಲಮಹಡಿ ಕಾರಿನದು. ಮೊದಲ ಮಹಡಿ ಬಾಡಿಗೆಯವರದು. ಮನೆ ಯಜಮಾನರು ಎರಡನೇ ಮಹಡಿಯಲ್ಲಿ, ಅವರ ಜೊತೆ ಎಪ್ಪತ್ತರ ಅಮ್ಮ. ಕಾರಿಗೆ ಮೆಟ್ಟಿಲು ಹತ್ತೋಕೆ ಬರೋದಿಲ್ಲ, ನಿಜ. ಅಮ್ಮನಿಗೂ ಬರೋದಿಲ್ಲ ಅನ್ನುವುದು ಐದು ವರ್ಷ ತಡವಾಗಿ ಗೊತ್ತಾಗುತ್ತೆ. ಅಷ್ಟರಲ್ಲಿ ಅವರು ದೇವಸ್ಥಾನಕ್ಕೆ ಹೋಗುವುದು ನಿಂತಿರುತ್ತೆ. ಆಮೇಲೆ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವುದು ನಿಲ್ಲುತ್ತೆ. ಕಡೆಗೆ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಾರೆ.

1200 ಚದರಡಿ ಸೈಟಿನಲ್ಲಿ ಸುತ್ತ ಜಾಗ ಬಿಟ್ಟ ಮೇಲೂ ಕೆಳಗೆ 700-800 ಚದರಡಿ ಸಿಗುತ್ತೆ. ಒಂದು ಕಾರಿಗೆ 8 ಅಡಿಗೆ 16 ಅಡಿ, ಅಂದರೆ 130 ಚದರಡಿ ಸಾಕು. ಉಳಿದುದರಲ್ಲಿ ಒಂದು ಕೋಣೆ, ಅದಕ್ಕೆ ಅಂಟಿದ ಬಚ್ಚಲು, ಒಂದು ಸಣ್ಣ ಅಡುಗೆಕಟ್ಟೆ, ಬೀದಿ ಕಾಣುವ ಒಂದು ಜಗುಲಿ ಆರಾಮಾಗಿ ಹಿಡಿಯುತ್ತವೆ. ಎರಡನೇ ಕಾರಿನ ಆಸೆ ಬಿಡಬೇಕಾಗುತ್ತೆ, ಅಷ್ಟೆ. ಅಮ್ಮ ಇನ್ನೂ ಮೇಲೆ ಹತ್ತಬಲ್ಲರು ಅಂದರೆ ಆ ಕೋಣೆಯನ್ನು ಸದ್ಯಕ್ಕೆ ಓದುವ ಕೋಣೆಯಾಗಿಯೋ ಬಾಡಿಗೆಗೋ ಬಳಸಿ. ಬಚ್ಚಲನ್ನು ಮಾತ್ರ ಈಗಲೇ ಸರಿಯಾಗಿ ಕಟ್ಟಿಬಿಡಿ.

ಆಸ್ಪತ್ರೆ ಥರ ಕಾಣೋದಿಲ್ವಾ?

ಹಿಡಿಕೆ, ಅಗಲದ ಬಾಗಿಲು, ಮಟ್ಟಸ ನೆಲ ಇವು ಯಾವುವೂ ಆಸ್ಪತ್ರೆಯ ಆಸ್ತಿಯಲ್ಲ. ಆಸ್ಪತ್ರೆ ಥರ ಕಾಣುವುದು ಬಿಳಿ ಟೈಲ್ಸು ಮತ್ತು ಬಿಳಿ ಟ್ಯೂಬ್‌ಲೈಟಿನಿಂದ. ಹಳೇ ತೊಟ್ಟಿಮನೆಯ ಮರದ ಕಂಬಗಳನ್ನು ನೆನಪಿಸಿಕೊಳ್ಳಿ. ಅಜ್ಜಿಯರು ಒಂದೊಂದೇ ಕಂಬ ಹಿಡಿದುಕೊಂಡು ಹಜಾರ ದಾಟುತ್ತಿದ್ದರು. ಯಾರೂ ಅದನ್ನು ಆಸ್ಪತ್ರೆ ಅನ್ನಲಿಲ್ಲ.

ಹಾಲ್ ಸ್ವಲ್ಪ ತಗ್ಗಿನಲ್ಲಿದ್ದರೆ ಚೆನ್ನಾಗಿ ಕಾಣುತ್ತೆ ಅಲ್ವಾ?

ಕಾಣುತ್ತೆ. ನಮ್ಮ ಸ್ವಂತ ಮನೆಗೆ ನಾನೇ ಹಾಗೆ ಮಾಡಿದ್ದೆ. ಊಟದ ಜಾಗದಿಂದ ಹಾಲ್‌ಗೆ ಒಂದೇ ಒಂದು ಮೆಟ್ಟಿಲು, ಆರು ಇಂಚು. ಎರಡೂ ಕಡೆ ಒಂದೇ ಬಣ್ಣದ ಗ್ರಾನೈಟು. ನಮ್ಮ ತಾಯಿ ಕಾಫಿ ಲೋಟ ಹಿಡಿದು ಬರುವಾಗ ಅದು ಕಾಣಲೇ ಇಲ್ಲ. ಮಣಿಕಟ್ಟು ಮುರಿಯಿತು. ಮೆಟ್ಟಿಲಸಾಲು ಎದುರಿಗಿದ್ದರೆ ಕಣ್ಣು ಎಚ್ಚರವಾಗಿರುತ್ತೆ. ಒಂಟಿ ಮೆಟ್ಟಿಲು ಕಣ್ಣಿಗೇ ಬೀಳೋದಿಲ್ಲ. ಆ ತಗ್ಗನ್ನು ತುಂಬಿಸಿ ಮಟ್ಟ ಮಾಡಿಸಿದೆ. ಪ್ಲ್ಯಾನಿನಲ್ಲಿ ಒಂಟಿ ಮೆಟ್ಟಿಲು ಎಲ್ಲಿ ಕಂಡರೂ ಅಳಿಸಿಹಾಕಿ.

ಒಂದೇ ಒಂದು ಕೆಲಸಕ್ಕೆ ದುಡ್ಡಿದೆ. ಯಾವುದನ್ನು ಮಾಡಿಸಲಿ?

ಬಚ್ಚಲು. ಯೋಚನೆಯೇ ಬೇಡ.

## ಬಚ್ಚಲು, ನೆಲ, ಹೊಸಿಲು

ಆಂಟಿಸ್ಕಿಡ್ ಟೈಲ್ಸ್ ಹಾಕಿಸಿದರೆ ಸಾಕಲ್ವಾ?

ಅರ್ಧ ಕೆಲಸ ಆಗುತ್ತೆ. ಅಂಗಡಿಯಲ್ಲಿ "ಆಂಟಿಸ್ಕಿಡ್" ಅಂತ ತೋರಿಸುವ ಟೈಲ್ಸನ್ನು ಅಲ್ಲೇ ಒದ್ದೆ ಮಾಡಿಸಿ, ಚಪ್ಪಲಿ ಬಿಟ್ಟು ನಿಂತು ನೋಡಿ. ಡಬ್ಬದ ಮೇಲೆ ಆರ್-10, ಆರ್-11 ಎಂಬ ಗುರುತಿದೆಯೇ ಕೇಳಿ. ಟೈಲ್ಸು ಎಷ್ಟು ಜಾರದೆ ಹಿಡಿಯುತ್ತೆ ಅನ್ನುವುದರ ಅಳತೆ ಅದು, ಅಂಕಿ ಏರಿದಷ್ಟೂ ಹಿಡಿತ ಜಾಸ್ತಿ. ಬಚ್ಚಲಿಗೆ ಆರ್-11 ಒಳ್ಳೆಯದು. ಇನ್ನೂ ಒರಟಾದುದು ಬೇಡ, ಸೋಪಿನ ಕೊಳೆ ಕೂತು ಉಜ್ಜೋಕೆ ಆಗೋದಿಲ್ಲ. ಸಣ್ಣ ಸಣ್ಣ ಟೈಲ್ಸ್ ಆದರೆ ಸಂದುಗಳು ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ.

ಉಳಿದರ್ಧ ನೀರಿನ ವಿಷಯ. ನಮ್ಮಲ್ಲಿ ಸ್ನಾನ ಅಂದರೆ ಬಕೆಟ್ಟು, ಚೊಂಬು, ಇಡೀ ನೆಲ ಒದ್ದೆ. ಸ್ನಾನದ ಜಾಗ ಮೂಲೆಯಲ್ಲಿರಲಿ, ಇಳಿಜಾರು ಆ ಮೂಲೆಗೇ ಇರಲಿ. ಬಾಗಿಲಿಂದ ಕಮೋಡಿನವರೆಗಿನ ದಾರಿ ಒಣಗಿರಬೇಕು. ನೂರಕ್ಕೆ ಒಂದರಷ್ಟು ಇಳಿಜಾರು ಸಾಕು. ಅಂದರೆ ಎಂಟು ಅಡಿಗೆ ಒಂದು ಇಂಚು.

ಆಮೇಲೆ ಸ್ನಾನದ ಸ್ಟೂಲು. ಎಲ್ಲರೂ ಸ್ಟೂಲು ತಂದುಕೊಡುತ್ತಾರೆ, ಬಕೆಟ್ಟು ಮಾತ್ರ ನೆಲದಲ್ಲೇ ಇರುತ್ತೆ. 18 ಇಂಚು ಎತ್ತರದಲ್ಲಿ ಕೂತವರು ಪ್ರತಿ ಚೊಂಬಿಗೂ ಪೂರ್ತಿ ಬಗ್ಗಬೇಕು. ಬೀಳುವುದು ಆಗಲೇ. ನಲ್ಲಿಯ ಕೆಳಗೆ ಒಂದಡಿ ಎತ್ತರದ ಸಣ್ಣ ಕಟ್ಟೆ ಕಟ್ಟಿಸಿ, ಬಕೆಟ್ಟು ಅದರ ಮೇಲಿರಲಿ. ತುಂಬಿದ ಬಕೆಟ್ಟು ಎತ್ತುವ ಕೆಲಸವೂ ತಪ್ಪುತ್ತೆ.

ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಒಡೆಯದೆ ವಿಧಿಯಿಲ್ಲ. ಚಿಲಕ ಹೊರಗಿಂದಲೂ ತೆಗೆಯುವಂಥದ್ದು ಇರಲಿ. ಕರೆಗಂಟೆಯ ಗುಂಡಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಹಾಕಿಸಿ. ಗಂಟೆ ಒತ್ತುವವರು ಬಿದ್ದಿರುತ್ತಾರೆ, ನಿಂತಿರೋದಿಲ್ಲ.

ಹಿಡಿಕೆ ಹಾಕಿಸಿದ್ದೆವು, ಸ್ಕ್ರೂ ಸಮೇತ ಕಿತ್ತುಬಂತು. ಯಾಕೆ?

ಗೋಡೆ ಟೊಳ್ಳು ಬ್ಲಾಕಿನದ್ದಾಗಿರಬೇಕು, ಅಥವಾ ಹಗುರದ ಎಎಸಿ ಬ್ಲಾಕು. ಎರಡರಲ್ಲೂ ಸಾಮಾನ್ಯ ಪ್ಲಗ್ಗು ಮನುಷ್ಯನ ಭಾರ ತಡೆಯೋದಿಲ್ಲ. ಹೊಸ ಗೋಡೆಯಾದರೆ, ಹಿಡಿಕೆ ಬರುವ ಎತ್ತರದಲ್ಲಿ, ಅಂದರೆ ನೆಲದಿಂದ ಎರಡು ಅಡಿಯಿಂದ ಮೂರು ಅಡಿವರೆಗೆ, ಸಾಲಿಡ್ ಬ್ಲಾಕು ಕಟ್ಟಿಸಿ ಇಲ್ಲವೇ ಕಾಂಕ್ರೀಟು ತುಂಬಿಸಿ. ಆ ಗೋಡೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ. ಪೈಪು ಎಲ್ಲಿದೆ ಅನ್ನುವುದು ಆಮೇಲೆ ಯಾರಿಗೂ ನೆನಪಿರೋದಿಲ್ಲ. ಹಳೇ ಗೋಡೆಗೆ ರಾಸಾಯನಿಕ ಅಂಟಿನ ಆ್ಯಂಕರ್ ಬೋಲ್ಟು ಬೇಕು.

ಕಂಬಿ ಒಂದೂವರೆ ಇಂಚು ದಪ್ಪ ಇರಲಿ, ಗೋಡೆಗೂ ಅದಕ್ಕೂ ಎರಡು ಇಂಚು ಸಂದು. ಟವೆಲ್ ಹಾಕುವ ರಾಡನ್ನು ಯಾರೂ ಹಿಡಿಕೆ ಅಂದುಕೊಳ್ಳದ ಹಾಗೆ ದೂರ ಹಾಕಿಸಿ. ಜಾರುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುವುದು ಮನುಷ್ಯನ ಸ್ವಭಾವ.

ಅಪ್ಪ ಇಂಡಿಯನ್ ಕಮೋಡೇ ಬೇಕು ಅಂತಾರೆ. ಏನು ಮಾಡೋದು?

ಅರುವತ್ತು ವರ್ಷದ ಅಭ್ಯಾಸ. ವಾದ ಮಾಡಬೇಡಿ. ಅವರ ಕೋಣೆಯ ಬಚ್ಚಲಿಗೆ ವೆಸ್ಟರ್ನ್ ಹಾಕಿ, ಹೊರಗಿನದರಲ್ಲಿ ಇಂಡಿಯನ್ ಉಳಿಸಿ. ಮಂಡಿ ತಾನೇ ತೀರ್ಮಾನ ಮಾಡುತ್ತೆ. ವೆಸ್ಟರ್ನ್ ಕಮೋಡಿನ ಸೀಟು 18 ಇಂಚಿನಷ್ಟು ಎತ್ತರ ಇರಲಿ. ಅಂಗಡಿಯಲ್ಲಿ ಮಾಮೂಲಾಗಿ ಸಿಗುವುದು ಅದಕ್ಕಿಂತ ತಗ್ಗು, ಏಳೋಕೆ ಕಷ್ಟ. ಗೋಡೆಗೆ ತೂಗುಹಾಕುವ ಕಮೋಡಾದರೆ ಎತ್ತರ ನಮ್ಮ ಕೈಯಲ್ಲೇ ಇರುತ್ತೆ.

ಹೊಸಿಲು ಇಲ್ಲದ ಮನೆಯಾ? ಪೂಜೆ ಯಾವುದಕ್ಕೆ ಮಾಡೋದು?

ಹೊಸಿಲು ಬೇಡ ಅನ್ನುತ್ತಿಲ್ಲ. ಎಡವುವ ಹೊಸಿಲು ಬೇಡ. ಹೊರಬಾಗಿಲಿಗೆ ತೇಗದ ಪಟ್ಟಿಯನ್ನು ನೆಲದ ಮಟ್ಟಕ್ಕೆ ಇಳಿಸಿ ಕೂರಿಸಬಹುದು. ಅರ್ಧ ಇಂಚಿಗಿಂತ ಜಾಸ್ತಿ ಏಳದ ಹಾಗೆ ಎರಡೂ ಅಂಚು ಸವರಿಸಿ. ಅರಿಶಿನ-ಕುಂಕುಮ, ರಂಗೋಲಿ ಎಲ್ಲ ಅದರ ಮೇಲೇ ನಡೆಯುತ್ತೆ. ನಾನು ಕೇಳಿದ ಪುರೋಹಿತರು ಯಾರೂ ಇಷ್ಟೇ ಎತ್ತರ ಇರಬೇಕು ಅಂತ ಹೇಳಲಿಲ್ಲ. ಒಳಬಾಗಿಲುಗಳಿಗೆ ಹೊಸಿಲೇ ಬೇಡ. ಬಚ್ಚಲಿನ ನೀರು ಹೊರಗೆ ಬರದಿರಲು ಕಟ್ಟುವ ದಿಂಡಿನ ಬದಲು ಬಾಗಿಲಲ್ಲಿ ಉದ್ದಕ್ಕೆ ಜಾಲರಿ ಮುಚ್ಚಿದ ಸಣ್ಣ ಚರಂಡಿ ಕೊಡಿ.

ಮನೆ ರಸ್ತೆಗಿಂತ ಎರಡು ಅಡಿ ಮೇಲಿದೆ. ರ‍್ಯಾಂಪ್ ಹಾಕಿಸಿದೆ, ಗಾಲಿಕುರ್ಚಿ ತಳ್ಳೋಕೇ ಆಗುತ್ತಿಲ್ಲ.

ನೀವು ಹಾಕಿಸಿರುವುದು ಸ್ಕೂಟರ್ ಹತ್ತಿಸುವ ರ‍್ಯಾಂಪ್. ಗಾಲಿಕುರ್ಚಿಗೆ ಒಂದಕ್ಕೆ ಹನ್ನೆರಡರ ಲೆಕ್ಕ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ. ನಿಮ್ಮ ಎರಡು ಅಡಿಗೆ 24 ಅಡಿ, ಅದರ ಜೊತೆಗೆ ಮೇಲೆ ಕೆಳಗೆ ಐದೈದು ಅಡಿ ಮಟ್ಟಸ ಜಾಗ. ಮುಂದೆ ಅಷ್ಟು ಜಾಗ ಇರೋದಿಲ್ಲ. 40 ಅಡಿ ಉದ್ದದ ಸೈಟಿನಲ್ಲಿ ಪಕ್ಕದ ಓಣಿಯಲ್ಲಿ ಇದನ್ನು ಹೊಂದಿಸಬಹುದು. ಮೂರು ಅಡಿ ಅಗಲ ಕಡ್ಡಾಯ, ನಾಲ್ಕು ಇದ್ದರೆ ಒಳ್ಳೆಯದು. ಆದರೆ ಎಲ್ಲರೂ ಸಂಪಿನ ಮುಚ್ಚಳ, ಚೇಂಬರು, ಗ್ಯಾಸ್ ಸಿಲಿಂಡರು ಎಲ್ಲ ಆ ಓಣಿಯಲ್ಲೇ ತುಂಬಿಸಿರುತ್ತಾರೆ. ಅದಕ್ಕೇ ಮೊದಲೇ ಯೋಚಿಸಿ ಅನ್ನೋದು.

ಮಳೆ ನೀರು ನುಗ್ಗುತ್ತೆ ಅಂತ ಜನ ಮನೆ ಎತ್ತರಿಸುತ್ತಾರೆ, ಅದು ಸರಿಯೇ. ರಸ್ತೆಗೆ ಪ್ರತಿಸಲ ಡಾಂಬರು ಬಿದ್ದಾಗಲೂ ಅದು ಎರಡು ಇಂಚು ಏರುತ್ತೆ. ರ‍್ಯಾಂಪಿಗೆ ಜಾಗವೇ ಇಲ್ಲದಿದ್ದರೆ ಮೆಟ್ಟಿಲನ್ನಾದರೂ ಸಡಿಲ ಮಾಡಿ. ಐದೂವರೆ ಇಂಚು ಏರು, ಒಂದಡಿ ಅಗಲ, ಎರಡೂ ಕಡೆ ಹಿಡಿಕೆ. ಕೆಲವರಿಗೆ ರ‍್ಯಾಂಪಿಗಿಂತ ಇಂಥ ಮೆಟ್ಟಿಲೇ ಹಿತ. ಮಂಡಿನೋವಿನವರಿಗೆ ಇಳಿಜಾರಿನಲ್ಲಿ ಇಳಿಯುವುದು ಹಿಂಸೆ.

ಅಜ್ಜನ ಕಾಲದ ಕಾವಿ ನೆಲ ಇದೆ. ತೆಗೆಸಬೇಕಾ?

ದಯವಿಟ್ಟು ತೆಗೆಸಬೇಡಿ. ಒಣಗಿದ್ದಾಗ ಕಾವಿ ನೆಲ ಬರಿಗಾಲಿಗೆ ಚೆನ್ನಾಗಿ ಹಿಡಿಯುತ್ತೆ, ಬೇಸಿಗೆಯಲ್ಲಿ ತಂಪು. ಒದ್ದೆಯಾದರೆ ಮಾತ್ರ ಮಹಾ ಜಾರು. ನೀರು ಬೀಳುವ ಕಡೆಗಳಲ್ಲಿ, ಅಂದರೆ ಅಡುಗೆಮನೆಯ ಸಿಂಕಿನ ಮುಂದೆ, ಹಿತ್ತಲ ಬಾಗಿಲ ಹತ್ತಿರ, ಅಷ್ಟಕ್ಕೆ ಮಾತ್ರ ಪಾಲಿಶ್ ಇಲ್ಲದ ಶಹಾಬಾದ್ ಕಲ್ಲು ಕೂರಿಸಿ. ಕಲಬುರಗಿ ಕಡೆಯ ಕಲ್ಲು, ಒರಟು, ಅಗ್ಗ, ನಮ್ಮದೇ ನೆಲದ್ದು. ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸಿನ ಮೋಹ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಿಟಕಿ ಬೆಳಕು ಅದರ ಮೇಲೆ ಬಿದ್ದರೆ ಪೊರೆ ಬಂದ ಕಣ್ಣಿಗೆ ನೀರು ಚೆಲ್ಲಿದ ಹಾಗೆ ಕಾಣುತ್ತೆ.

ಮನೆ ತುಂಬ ಲೈಟಿದೆ, ಆದರೂ ಅಮ್ಮ ಕತ್ತಲೆ ಕತ್ತಲೆ ಅಂತಾರೆ.

ಅವರು ಹೇಳುವುದು ನಿಜ. ಅರುವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಹಾಗಂತ ಚಾವಣಿಗೆ ಇನ್ನೊಂದು ಪ್ರಖರ ಬಲ್ಬು ಹಾಕಿದರೆ ಕಣ್ಣು ಕುಕ್ಕುತ್ತೆ. ಕೆಲಸ ಮಾಡುವ ಜಾಗಕ್ಕೆ ಬೆಳಕು ಕೊಡಿ. ಅಡುಗೆಕಟ್ಟೆಯ ಮೇಲೆ, ಮಾತ್ರೆ ಡಬ್ಬಿ ಇಡುವ ಮೇಜಿಗೆ, ಪೇಪರು ಓದುವ ಕುರ್ಚಿಗೆ. ಹಾಸಿಗೆಯಿಂದ ಬಚ್ಚಲಿನ ದಾರಿಗೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಕಾಲಿಟ್ಟರೆ ತಾನೇ ಹತ್ತುವ ಸಣ್ಣ ಎಲ್‌ಇಡಿ ಸಾಕು. ಸ್ವಿಚ್ಚು ಮೂರರಿಂದ ಮೂರೂವರೆ ಅಡಿ ಎತ್ತರದಲ್ಲಿರಲಿ, ಪ್ಲಗ್ಗು ಒಂದೂವರೆ ಅಡಿಗಿಂತ ಕೆಳಗೆ ಬೇಡ. ಮೆಟ್ಟಿಲ ಅಂಚಿಗೆ ಬೇರೆ ಬಣ್ಣದ ಪಟ್ಟಿ ಬಳಿಸಿ.

ಅಡುಗೆಮನೆಯಲ್ಲಿ ಏನು ನೋಡಬೇಕು?

ಅಟ್ಟ ಬೇಡ, ಸ್ಟೂಲು ಹತ್ತುವ ಕೆಲಸ ಬೇಡ. ದಿನಾ ಬೇಕಾದುದೆಲ್ಲ ಸೊಂಟದಿಂದ ಭುಜದ ನಡುವೆ ಇರಲಿ. ಕಟ್ಟೆಯ ಒಂದು ತುದಿಯನ್ನು ಎರಡೂವರೆ ಅಡಿಗೆ ತಗ್ಗಿಸಿ, ಕೆಳಗೆ ಖಾಲಿ ಬಿಡಿ. ಕೂತು ತರಕಾರಿ ಹೆಚ್ಚಬಹುದು.

## ಬಿಸಿಲು, ಮಳೆ, ನೀರು, ಕರೆಂಟು

ಪರಿಸರಸ್ನೇಹಿ ಮನೆಗೂ ವಯಸ್ಸಾದವರ ಮನೆಗೂ ಏನು ಸಂಬಂಧ?

ದಿನವಿಡೀ ಮನೆಯಲ್ಲೇ ಇರುವವರು ಅವರು. ಮನೆ ಕಾದರೆ ಮೊದಲು ಕಾಯುವುದು ಅವರ ಮೈ. ಕರೆಂಟು ಬಿಲ್ಲು ಪೆನ್ಶನ್ನಿನಿಂದ ಹೋಗುತ್ತೆ. ಟ್ಯಾಂಕರು ಬಾರದ ದಿನ ಬಿಂದಿಗೆ ಹಿಡಿದು ನಿಲ್ಲೋಕೆ ಅವರಿಗೆ ಆಗೋದಿಲ್ಲ. ಆದರೆ ಇಲ್ಲೊಂದು ಎಚ್ಚರ. ಹಸಿರು ಅಂತ ಮಾರುವ ಎಷ್ಟೋ ಸಲಕರಣೆಗಳನ್ನು ವಾರಕ್ಕೊಮ್ಮೆ ತೊಳೆಯಬೇಕು, ತಾರಸಿಗೆ ಹತ್ತಬೇಕು. ಎಪ್ಪತ್ತೈದರ ಅಪ್ಪ ಏಣಿ ಹತ್ತಿ ಮಾಡಬೇಕಾದ ಕೆಲಸ ಯಾವುದಾದರೂ ಇದ್ದರೆ ಆ ವಿನ್ಯಾಸ ತಪ್ಪು.

ರಾಯಚೂರು ಬೇಸಿಗೆ, ಎಸಿ ಇಲ್ಲದೆ ಹೇಗೆ?

ವಯಸ್ಸಾದಂತೆ ಬೆವರುವುದು ಕಡಿಮೆ, ಬಾಯಾರಿಕೆಯೂ ಗೊತ್ತಾಗೋದಿಲ್ಲ. ಹಾಗಾಗಿ ಸೆಖೆಯನ್ನು ಸುಮ್ನೆ ಸಹಿಸಿಕೊಳ್ಳಿ ಅನ್ನುವ ಮಾತೇ ತಪ್ಪು. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸದಲ್ಲ. ಅಲ್ಲಿನ ಹಳೇ ಮಾಳಿಗೆ ಮನೆಗಳು ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಹೊದಿಕೆ ಇಟ್ಟುಕೊಂಡು ಹಗಲಿನ ಬಿಸಿಯನ್ನು ಒಳಗೆ ಬಿಡುತ್ತಿರಲಿಲ್ಲ. ಈಗಿನ ನಾಲ್ಕೈದು ಇಂಚಿನ ಆರ್‌ಸಿಸಿ ಮೋಲ್ಡು ಸಂಜೆ ಏಳಕ್ಕೆ ಹೆಂಚಿನ ಹಾಗೆ ಕಾದಿರುತ್ತೆ.

ಮೊದಲು ತಾರಸಿ ನೋಡಿ. ಒಂದು ಅಂತಸ್ತಿನ ಮನೆಗೆ ಬಿಸಿಲು ಬಹುಪಾಲು ಇಳಿಯುವುದು ಅಲ್ಲಿಂದ. ಬಿಳಿ ಸುಣ್ಣವನ್ನೋ ಬಿಸಿಲು ತಿರುಗಿಸುವ ಬಿಳಿ ಬಣ್ಣವನ್ನೋ ಬಳಿಸಿ. ಖರ್ಚು ಕಡಿಮೆ, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತೆ. ಆಮೇಲೆ ಪಡುವಣ ಗೋಡೆ. ಅದಕ್ಕೆ ಬೀರು ಜೋಡಿಸಿ, ಹೊರಗೆ ಬೇವಿನ ಮರ ನೆಡಿ, ಕಿಟಕಿಗೆ ಎರಡು ಅಡಿ ಸಜ್ಜಾ ಕೊಡಿ. ಒಣ ಸೆಖೆಯ ಊರಲ್ಲಿ ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯಬೇಕು. ಮಂಗಳೂರಿನ ತೇವದ ಸೆಖೆಗೆ ಇದು ನಡೆಯೋದಿಲ್ಲ, ಅಲ್ಲಿ ಗಾಳಿ ಸದಾ ಆಡುತ್ತಿರಬೇಕು. ಇಷ್ಟೆಲ್ಲ ಮಾಡಿಯೂ ಸೆಖೆ ತಡೆಯದಿದ್ದರೆ ಮಲಗುವ ಒಂದು ಕೋಣೆಗೆ ಎಸಿ ಹಾಕಿಸಿ. ಅದರಲ್ಲಿ ತಪ್ಪೇನಿಲ್ಲ.

ಮಣ್ಣಿನ ಇಟ್ಟಿಗೆ ಮನೆ ನಿಲ್ಲುತ್ತಾ? ಮಳೆಗೆ ಕರಗೋದಿಲ್ವಾ?

ಒತ್ತಿ ಮಾಡಿದ, ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆ ಕರಗೋದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಎಸ್. ಜಗದೀಶ್ ಅವರ ಹೆಸರು ಈ ಇಟ್ಟಿಗೆಯ ಜೊತೆಗೇ ಬರುತ್ತೆ. ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತುತ್ತಾರೆ. ಗೂಡಿನಲ್ಲಿ ಸುಡುವುದಿಲ್ಲ, ಆ ಸೌದೆ-ಕಲ್ಲಿದ್ದಲೆಲ್ಲ ಉಳಿತಾಯ. ಎರಡು ಮೂರು ವಾರ ನೀರುಣಿಸಬೇಕು. ಮರಳಿನಂಶ ಜಾಸ್ತಿ ಇರುವ ಕೆಂಪು ಮಣ್ಣು ಇದಕ್ಕೆ ಸೂಕ್ತ. ಉತ್ತರ ಕರ್ನಾಟಕದ ಎರೆಮಣ್ಣು ಹಾಗೇ ಬಳಸಿದರೆ ಬಿರುಕು ಗ್ಯಾರಂಟಿ.

ನನ್ನದೊಂದು ಸೇರ್ಪಡೆ. ಚೆಂದ ಅಂತ ಒಳಗೂ ಇಟ್ಟಿಗೆಯನ್ನು ಬೆತ್ತಲೆ ಬಿಡುವ ಫ್ಯಾಶನ್ ಇದೆ. ಉಬ್ಬಸ ಇರುವವರ ಕೋಣೆಗೆ ಅದು ಬೇಡ, ಸಂದುಗಳಲ್ಲಿ ದೂಳು ಕೂರುತ್ತೆ. ಒಳಗೆ ಸುಣ್ಣದ ಗಾರೆ ಮಾಡಿಸಿ.

ಮಳೆನೀರು, ಸೋಲಾರ್ ಇವೆಲ್ಲ ಇಬ್ಬರೇ ಇರುವ ಮನೆಗೆ ಬೇಕಾ?

ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 30-40 ಸೈಟಿನ ಹೊಸ ಮನೆಗೂ ಕಡ್ಡಾಯ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1000 ಚದರಡಿ ತಾರಸಿಯ ಮೇಲೆ ಬೀಳುವುದು 90 ಸಾವಿರ ಲೀಟರ್. ಎಲ್ಲವನ್ನೂ ಹಿಡಿಯೋಕೆ ಆಗೋದಿಲ್ಲ, ಹಿಡಿದಷ್ಟು ಲಾಭ. ಫಿಲ್ಟರನ್ನು ತಾರಸಿಯಲ್ಲಿಡದೆ ಕೆಳಗೆ, ನಿಂತೇ ತೊಳೆಯುವ ಎತ್ತರದಲ್ಲಿ ಹಾಕಿಸಿ. ಸಂಪಿನ ಮುಚ್ಚಳ ನಡೆಯುವ ದಾರಿಯಲ್ಲಿ ಬೇಡ.

ಸೋಲಾರ್ ವಾಟರ್ ಹೀಟರಿನಲ್ಲಿ ಒಂದು ಅಪಾಯ ಇದೆ. ಬೇಸಿಗೆ ಮಧ್ಯಾಹ್ನ ಅದರ ನೀರು 60 ಡಿಗ್ರಿ ದಾಟುತ್ತೆ. ತೆಳ್ಳಗಾದ ಚರ್ಮ ಕೆಲವೇ ಸೆಕೆಂಡಿನಲ್ಲಿ ಬೊಬ್ಬೆ ಏಳುತ್ತೆ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರಿಗೆ ಸುಟ್ಟದ್ದೂ ಗೊತ್ತಾಗೋದಿಲ್ಲ. ಬಿಸಿ-ತಣ್ಣೀರನ್ನು ತಾನೇ ಬೆರೆಸುವ ಥರ್ಮೋಸ್ಟ್ಯಾಟ್ ನಲ್ಲಿ ಹಾಕಿಸಿ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಯಾವ ಕಾರಣಕ್ಕೂ ಇಡಬೇಡಿ. ಮುಚ್ಚಿದ ಬಚ್ಚಲಲ್ಲಿ ಅದರ ವಿಷಗಾಳಿಗೆ ಜನ ಸತ್ತಿದ್ದಾರೆ.

ಕರೆಂಟಿನ ಸೋಲಾರ್‌ಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವ ಮನೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅದೂ ಸರಿಯೇ. ಬ್ಯಾಟರಿ ಇಲ್ಲದ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತೆ ಅನ್ನುವುದು ನೆನಪಿರಲಿ. ಮನೆಯಲ್ಲಿ ಆಮ್ಲಜನಕದ ಯಂತ್ರ ಇದ್ದರೆ ಯುಪಿಎಸ್ ಬೇರೆ ಬೇಕು.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಂಗಳವೇ ಜಾರುಬಂಡೆ.

ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತಾರೆ, ವಾರ ಕಳೆದರೆ ಮತ್ತೆ ಬರುತ್ತೆ. ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ನಡೆಯುವುದು ನಿಮ್ಮ ಕಡೆಯವರೇ ಕಂಡುಕೊಂಡ ಉಪಾಯ. ಯುವಕರಿಗೆ ಅದು ಸಾಕು. ಊರುಗೋಲಿನವರಿಗೆ ದಬ್ಬೆಯ ಸಂದು ಅಪಾಯ. ಮನೆಯಿಂದ ಕೊಟ್ಟಿಗೆ, ಬಚ್ಚಲು, ಗೇಟಿನವರೆಗೆ ಮೂರು ಅಡಿ ಅಗಲದ ಒರಟು ಕಲ್ಲಿನ ದಾರಿ ಮಾಡಿ ಮೇಲೆ ಮಾಡು ಇಳಿಸಿ. ಮಳೆ ಬೀಳದ ಕಡೆ ಪಾಚಿ ಅಷ್ಟಾಗಿ ಕಟ್ಟುವುದಿಲ್ಲ. ಬಚ್ಚಲು ಮನೆಯಿಂದ ಹೊರಗೇ ಇದ್ದರೆ ಮೊದಲು ಅದನ್ನು ಒಳಗೆ ತನ್ನಿ. ಹಂಡೆ ಒಲೆ ಅಲ್ಲೇ ಇರಲಿ, ನೀರನ್ನು ಪೈಪಿನಲ್ಲಿ ತರಬಹುದು.

ವಾಸ್ತು ಪ್ರಕಾರ ಹಿರಿಯರ ಕೋಣೆ ನೈಋತ್ಯಕ್ಕೇ ಇರಬೇಕಂತೆ?

ಹಾಕೋಣ. ನೈಋತ್ಯಕ್ಕೆ ಸಂಜೆ ಬಿಸಿಲು ಪೂರ್ತಿ ಬೀಳುತ್ತೆ, ಹಾಗಾಗಿ ಮೇಲೆ ಹೇಳಿದ ಪಡುವಣ ಗೋಡೆಯ ಉಪಾಯಗಳನ್ನೆಲ್ಲ ಅಲ್ಲಿ ಮಾಡಬೇಕು. ನಾನು ಜಗಳವಾಡುವುದು ಒಂದೇ ವಿಷಯಕ್ಕೆ: ವಾಸ್ತು ಹೆಸರಲ್ಲಿ ಬಚ್ಚಲನ್ನು ಕೋಣೆಯಿಂದ ದೂರ ತಳ್ಳಿದಾಗ.

## ಇನ್ನೂ ಮುಂದಕ್ಕೆ ಯೋಚಿಸುವವರಿಗೆ

ಲಿಫ್ಟಿಗೆ ಈಗ ದುಡ್ಡಿಲ್ಲ. ಮುಂದೆ ಹಾಕಿಸೋಕೆ ಈಗ ಏನು ಮಾಡಬೇಕು?

ಪ್ರತಿ ಮಹಡಿಯಲ್ಲೂ ಐದೂವರೆ ಅಡಿಗೆ ಆರು ಅಡಿಯ ಸ್ಟೋರ್ ರೂಮನ್ನು ಒಂದರ ಮೇಲೊಂದು ಬರುವ ಹಾಗೆ ಇಡಿ. ಆ ಜಾಗದ ಮೋಲ್ಡಿನ ಸುತ್ತ ತೊಲೆ ಕೊಡಿಸಿ. ಮುಂದೆ ಮಧ್ಯದ ಮೋಲ್ಡು ಕತ್ತರಿಸಿದರೆ ಲಿಫ್ಟಿನ ಬಾವಿ ಸಿದ್ಧ. ಗಾಲಿಕುರ್ಚಿ ಹಿಡಿಯುವ ಡಬ್ಬ ಸುಮಾರು ಮೂರೂವರೆ ಅಡಿಗೆ ನಾಲ್ಕೂವರೆ ಅಡಿ. ಇಬ್ಬರೇ ನಿಲ್ಲುವ ಪುಟ್ಟ ಲಿಫ್ಟು ಹಾಕಿಸಿಕೊಂಡು ಆಮೇಲೆ ಗಾಲಿಕುರ್ಚಿ ಹೋಗದೆ ಪರದಾಡುವವರನ್ನು ನೋಡಿದ್ದೇನೆ. ಕರೆಂಟು ಹೋದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಇರಲೇಬೇಕು. ಲಿಫ್ಟುಗಳಿಗೆ ಕರ್ನಾಟಕದಲ್ಲಿ 2012ರ ಕಾಯ್ದೆ ಇದೆ. ಪರವಾನಗಿಯ ಕೆಲಸ ಯಾರದು ಅನ್ನುವುದನ್ನು ಲಿಫ್ಟ್ ಹಾಕುವವರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಅಪಾರ್ಟ್‌ಮೆಂಟ್ ತಗೊಳ್ಳೋದು ವಾಸಿ ಅಲ್ವಾ?

ಎಷ್ಟೋ ಸಲ ಹೌದು. ನೋಡೋಕೆ ಹೋದಾಗ ಮಾಡೆಲ್ ಫ್ಲ್ಯಾಟ್ ಬಿಟ್ಟು ಬೇರೆ ನಾಲ್ಕು ನೋಡಿ. ಲಿಫ್ಟಿಗೆ ಮುಂಚೆ ಮೂರು ಮೆಟ್ಟಿಲು ಇದೆಯಾ? ಹಳೇ ಕಟ್ಟಡಗಳಲ್ಲಿ ಇದ್ದೇ ಇರುತ್ತೆ. ಸ್ಟ್ರೆಚರ್ ಹಿಡಿಯುವ ಒಂದು ಲಿಫ್ಟಾದರೂ ಇದೆಯಾ? ಸ್ಟ್ರೆಚರಿಗೆ ಆರೂವರೆ ಅಡಿ ಉದ್ದ ಬೇಕು. ಬಾಲ್ಕನಿಗೆ ದಾಟುವಾಗ ಸ್ಲೈಡಿಂಗ್ ಬಾಗಿಲಿನ ಹಳಿ ಕಾಲಿಗೆ ತೊಡರುತ್ತಾ? ಆ್ಯಂಬುಲೆನ್ಸ್ ನಿಮ್ಮ ಬ್ಲಾಕಿನ ಬಾಗಿಲಿಗೇ ಬರುತ್ತಾ?

ಅತ್ತೆಗೆ ಮರೆವಿನ ಕಾಯಿಲೆ. ಮನೆಯಲ್ಲೇ ದಾರಿ ತಪ್ಪುತ್ತಾರೆ.

ಮೊದಲ ಮಾತು: ಮನೆ ಬದಲಾಯಿಸಬೇಡಿ, ದೊಡ್ಡ ರಿಪೇರಿಯೂ ಬೇಡ. ಪರಿಚಿತ ಜಾಗವೇ ಅವರ ನೆನಪು. ಹಾಸಿಗೆಯಲ್ಲಿ ಕೂತರೆ ಕಮೋಡು ಕಾಣುವ ಹಾಗೆ ಇರಲಿ, ಬಚ್ಚಲಿನ ಬಾಗಿಲಿಗೆ ಮಾತ್ರ ಬೇರೆ ಗಾಢ ಬಣ್ಣ. ಬಿಳಿ ಗೋಡೆಯ ಮುಂದೆ ಬಿಳಿ ಕಮೋಡು ಕಾಣೋದಿಲ್ಲ, ಸೀಟಿಗೆ ಬಣ್ಣದ್ದು ಹಾಕಿಸಿ. ಬಾಗಿಲ ಮುಂದಿನ ಕಪ್ಪು ಮ್ಯಾಟು ಅವರಿಗೆ ಹಳ್ಳದಂತೆ ಕಾಣಬಹುದು. ಕನ್ನಡಿಯಲ್ಲಿ ಯಾರೋ ನಿಂತಿದ್ದಾರೆ ಎಂದು ಹೆದರಿದರೆ ಅದಕ್ಕೆ ಪರದೆ ಹಾಕಿ. ಗೇಟಿಗೆ ಚಿಲಕ ಇರಲಿ, ಆದರೆ ಅಂಗಳದಲ್ಲಿ ಒಂದು ಸುತ್ತು ಹಾಕಿ ಮತ್ತೆ ಅದೇ ಬಾಗಿಲಿಗೆ ಬರುವ ದಾರಿ ಕೊಡಿ. ನಡೆಯಬೇಕು ಅನ್ನಿಸಿದವರನ್ನು ಕೂರಿಸಿಡುವುದು ಕಷ್ಟ, ಪಾಪವೂ ಹೌದು.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮನೆ ತುಂಬ ಕ್ಯಾಮೆರಾ ಹಾಕಿಸಿದರೆ ಸಾಕಾ?

ಗೇಟಿಗೆ ಒಂದು ಹಾಕಿಸಿ. ಒಳಗೆ ಹಾಕುವ ಮುಂಚೆ ಅವರನ್ನು ಕೇಳಿ. ನಿಮ್ಮಪ್ಪ ಪಂಚೆ ಉಡುವುದನ್ನು ನೀವು ನ್ಯೂಜೆರ್ಸಿಯಿಂದ ನೋಡಬೇಕಾಗಿಲ್ಲ. ಬಿದ್ದಾಗ ಒತ್ತುವ ಗುಂಡಿ, ಕೊರಳಿಗೆ ಹಾಕುವಂಥದ್ದು, ಜಾಸ್ತಿ ಉಪಯೋಗ. ಅದರ ಕರೆ ಮೊದಲು ಹೋಗಬೇಕಾದದ್ದು ಪಕ್ಕದ ಮನೆಗೆ, ನಿಮಗಲ್ಲ. ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ ಇರಲಿ. ಹಿರಿಯರ ಸಹಾಯವಾಣಿ 14567 ನಂಬರನ್ನು ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಇದಕ್ಕೆಲ್ಲ ಸರ್ಕಾರದ ಅಳತೆ, ಕಾನೂನು ಇದೆಯಾ?

ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಕೇಂದ್ರ ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಎಲ್ಲರಿಗೂ ಎಟುಕುವ ಕಟ್ಟಡಗಳ ಬಗ್ಗೆ ವಿವರವಾದ ಮಾರ್ಗಸೂಚಿ ತಂದಿದೆ. ಹಿರಿಯರಿಗೆಂದೇ ಕಟ್ಟುವ ವಸತಿ ಸಮುಚ್ಚಯಗಳಿಗೆ 2019ರ ಮಾದರಿ ಮಾರ್ಗಸೂಚಿ ಬೇರೆ ಇದೆ. ಅಂಥ ಕಡೆ ಫ್ಲ್ಯಾಟ್ ಕೊಳ್ಳುವವರು ಬಿಲ್ಡರಿಗೆ ಅದನ್ನು ತೋರಿಸಿ ಕೇಳಬಹುದು. ನಿಮ್ಮ ಸ್ವಂತ ಮನೆಯ ಬಚ್ಚಲನ್ನು ನೋಡೋಕೆ ಮಾತ್ರ ಯಾವ ಅಧಿಕಾರಿಯೂ ಬರೋದಿಲ್ಲ. ಅದು ನಿಮ್ಮ ಮತ್ತು ಮೇಸ್ತ್ರಿಯ ನಡುವಿನ ವಿಷಯ.

ಮನೆ ಇದೆ, ಕೈಯಲ್ಲಿ ದುಡ್ಡಿಲ್ಲ. ರಿಪೇರಿಗೆ ಏನು ಮಾಡೋದು?

ಅರುವತ್ತು ದಾಟಿದವರಿಗೆ ರಿವರ್ಸ್ ಮಾರ್ಟ್‌ಗೇಜ್ ಎಂಬ ಸಾಲ 2007ರಿಂದ ಇದೆ. ಮನೆ ಒತ್ತೆ ಇಟ್ಟು ಬ್ಯಾಂಕಿನಿಂದ ಕಂತಿನಲ್ಲಿ ದುಡ್ಡು ಪಡೆಯುತ್ತಾ ಅದೇ ಮನೆಯಲ್ಲಿ ಇರಬಹುದು. ಇಬ್ಬರ ಕಾಲವೂ ಮುಗಿದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುತ್ತಾರೆ, ಇಲ್ಲವೇ ಬ್ಯಾಂಕು ಮಾರುತ್ತೆ. ನಮ್ಮಲ್ಲಿ ಮನೆಯನ್ನು ಒತ್ತೆ ಇಡುವುದು ಅಂದರೆ ಮರ್ಯಾದೆ ಪ್ರಶ್ನೆ, ಹಾಗಾಗಿ ಹೆಚ್ಚು ಜನ ಇದರ ಕಡೆ ಹೋಗಿಲ್ಲ. ಮಕ್ಕಳ ಹೆಸರಿಗೆ ಮನೆ ಬರೆದುಕೊಡುವ ಯೋಚನೆ ಇದ್ದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಮಾತು ತಪ್ಪಿದರೆ ಪತ್ರ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿ ಇದೆ.

ಜಗುಲಿಗೆ ಜಾಗ ಇಲ್ಲ ಅಂತಾರೆ ಎಂಜಿನಿಯರು. ಬಿಟ್ಟುಬಿಡಲಾ?

ಬಿಡಬೇಡಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಸಾಕು. ಕಾಂಪೌಂಡಿಗೆ ಒರಗಿಸಿ, ಕೂರುವ ಎತ್ತರ 18 ಇಂಚು, ಬೆನ್ನಿಗೆ ಆಸರೆ, ಏಳುವಾಗ ಹಿಡಿಯೋಕೆ ಒಂದು ಪಕ್ಕ ಕೈ. ಮೇಲೆ ಎರಡು ಅಡಿ ಸೂರು. ಎದುರಿಗೆ ಗೇಟಿನ ಕಬ್ಬಿಣದ ತಗಡನ್ನು ತೆಗೆಸಿ ಸರಳು ಹಾಕಿಸಿ, ಕೂತವರಿಗೆ ಬೀದಿ ಕಾಣಬೇಕು. ಹೂವಿನವಳು ಬಂದಾಗ ಮೊಳ ಅಳೆಯುವುದು ಅವರ ಕಣ್ಣೆದುರೇ ಆಗಲಿ.